ರೇಣುಕವ್ವನಿಗೆ ಮಾತು ಕೊಟ್ಟ ಜಾಗ

ಬಜಗೋಳಿ
12-11-2002

ಜೋವಿನ್,

ಕೊಟ್ಟ ಮಾತುಗಳನ್ನು ಮೊದಲು ಬರೆಯುತ್ತೇನೆ. ಬೈಗುಳ ಆಮೇಲೆ.

ನನ್ನ ಅವ್ವ ರೇಣುಕವ್ವ ಸತ್ತರೆ ನಿಮ್ಮ ಮಲ್ಲಿಗೆ ತೋಟದ ಮೇಲಿನ ಗುಡ್ಡದಲ್ಲಿ ಜಾಗ ಉಂಟು ಎಂದು ನೀನು ಹೇಳಿದೆ. ನನ್ನ ಅಪ್ಪ ಕಲ್ಲಯ್ಯನಿಗೂ ಅವಳ ಪಕ್ಕದಲ್ಲೇ ಎಂದು ಹೇಳಿದೆ. ಯಾರಾದರೂ ತಕರಾರು ತೆಗೆದರೆ ಅವರ ಹತ್ತಿರ ಮಾತಾಡುವುದು ನನ್ನ ಕೆಲಸ ಎಂದೂ ಹೇಳಿದೆ. ಕೊಟ್ಟದ್ದು ಇಷ್ಟು.

ಅವಳು ಸತ್ತ ದಿನ ನೀನೇ ಜಾಗ ಇಲ್ಲ ಎಂದೆ. ಹಾಗೆ ಮಾತು ಕೊಟ್ಟದ್ದೇ ಇಲ್ಲ ಎಂದೆ. "ಅವರು ನಮ್ಮ ಕೆಲಸದವರು, ಅಷ್ಟೆ" ಎಂದೆ. ನಿರಾಕರಿಸಿದ್ದು ಇಷ್ಟು.

ಈಗ ಹೇಳು, ಇದರಲ್ಲಿ ಒಂದಕ್ಷರ ನಾನು ಸೇರಿಸಿದ್ದೇನೆಯೇ?

ನಿನ್ನ ಪಪ್ಪ ಓಸ್ವಾಲ್ಡ್ ತೀರಿಕೊಂಡ ದಿನ ನೆನಪುಂಟಾ? ನಿಮ್ಮ ಇಗರ್ಜಿಯ ಹಿಂದೆ ಪೆಟ್ಟಿಗೆ ಇಳಿಸಿದರು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನನ್ನ ಅವ್ವ ಸಾಲಿನ ಕೊನೆಯಲ್ಲಿ ನಿಂತಿದ್ದಳು. ತನ್ನ ಸರದಿ ಬಂದಾಗ ಹಾಕಿ, ಅಪ್ಪನ ಕಡೆ ತಿರುಗಿ, "ಇವ್ರೂ ನಮ್ಮಂಗ ಮಣ್ಣು ಮಾಡತಾರ ನೋಡ್ರಿ" ಎಂದಳು. ಘಟ್ಟ ಇಳಿದು ಶಂಕರಪುರಕ್ಕೆ ಕೂಲಿಗೆ ಬಂದು ಹದಿನೆಂಟು ವರ್ಷವಾದ ಮೇಲೆ ಮೊದಲ ಬಾರಿ ಅವಳಿಗೆ ಅಲ್ಲಿ ಸಾಯಲು ಧೈರ್ಯ ಬಂತು. ನಮ್ಮ ಕಡೆ ಸತ್ತವರನ್ನು ಸುಡುವುದಿಲ್ಲ. ಅಂತ್ಯಕ್ರಿಯೆ ಎನ್ನುವ ಮಾತೇ ನಮಗೆ ಬರುವುದಿಲ್ಲ, "ಮಣ್ಣಿಗೆ ಹೋಗಿದ್ದೆ" ಎನ್ನುತ್ತೇವೆ. ಅವತ್ತು ಸಂಜೆ ನಿಮ್ಮ ಜಗಲಿಯಲ್ಲಿ ಕೂತು ಅವಳು ನಿನ್ನನ್ನೇ ಕೇಳಿದಳು. "ರೇಣುಕಕ್ಕ, ಅದಕ್ಕೆ ಎಂತ ಚಿಂತೆ? ತೋಟದ ಮೇಲೆ ಅಷ್ಟು ಜಾಗ ಉಂಟಲ್ಲ" ಎಂದವನು ನೀನು. ಅವಳು ಎರಡು ವರ್ಷ ಆ ಗುಡ್ಡವನ್ನು ತನ್ನ ಹೊಲದಂತೆ ನೋಡಿದಳು. "ನನ್ನ ಜಾಗದಾಗ ಯಾರೋ ದನ ಬಿಟ್ಟಾರ" ಎಂದು ಬಯ್ಯುತ್ತಿದ್ದಳು ಮಾರಾಯ!

ಅವಳು ಸತ್ತದ್ದು ಯಾವಾಗ? ನಿಮ್ಮ ಸತ್ತವರ ಹಬ್ಬದ ಮರುದಿನ. ಹಿಂದಿನ ದಿನವಿಡೀ ನಿಮ್ಮ ಸಮಾಧಿಗಳಿಗೆ ಸೇವಂತಿಗೆ ಮಾಲೆ ಕಟ್ಟಿದಳು. ಅವಳ ಬೆರಳಲ್ಲಿ ಬಾಳೆನಾರಿನ ಗೀರು ಇನ್ನೂ ಆರಿರಲಿಲ್ಲ.

ನಾನು ಬಜಗೋಳಿಯಿಂದ ಬಂದಾಗ ಅಪ್ಪ ಗುದ್ದಲಿ ಹಿಡಿದು ಗುಡ್ಡದ ಬುಡದಲ್ಲಿ ನಿಂತಿದ್ದ. ಅವನ ಎದುರು ಹೂವಿನ ಏಜೆಂಟ್ ಭುಜಂಗ, ಭುಜಂಗನ ಹಿಂದೆ ನಾಲ್ಕು ಜನ. "ಹಿಂದೂಗಳಂದ ಮೇಲೆ ಸುಡ್ಬೇಕು. ಹೂಳುವುದು ಪೊರ್ಬುಗಳು, ಕಿರಿಸ್ತಾನರು. ನೀವು ಎಂತ ಜಾತಿ ಮಾರಾಯ್ರೆ?" ಎಂದು ಭುಜಂಗ ಕೇಳುತ್ತಿದ್ದ. ನಾನು ನಿನ್ನ ಕಡೆ ನೋಡಿದೆ. ನೀನು ಜಗಲಿಯಲ್ಲಿ ಕಂಬ ಹಿಡಿದು ನಿಂತಿದ್ದೆ. ಭುಜಂಗ ನಿನ್ನನ್ನು ಕೇಳಿದ, "ನೀನು ಜಾಗ ಕೊಡ್ತೇನೆ ಅಂತ ಹೇಳಿದ್ದು ಹೌದಾ?" ಆಗ ನಿನ್ನ ಬಾಯಿಂದ ಆ ಮಾತು ಬಂತು.

ಅವ್ವನನ್ನು ಟೆಂಪೊದಲ್ಲಿ ಒಯ್ದು ಸುಟ್ಟೆವು. ಅಪ್ಪ ಸ್ಮಶಾನದ ಗೇಟಿನ ಒಳಗೆ ಕಾಲಿಡಲಿಲ್ಲ. ಹೊರಗೆ ರಸ್ತೆಯಲ್ಲಿ ಕೂತು, ಒಂದು ಹಿಡಿ ಮಣ್ಣು ಕೈಯಲ್ಲಿ ಹಿಡಿದುಕೊಂಡು, ಹಾಕಲು ಜಾಗವಿಲ್ಲದೆ ಸಂಜೆಯವರೆಗೆ ಹಾಗೇ ಇದ್ದ.

ಕಾಲೇಜಿನಲ್ಲಿ ನಮಗೆ ಪಠ್ಯವಾಗಿದ್ದ ಅಮೆರಿಕದ ಆ ಹಳೆಯ ಕಾದಂಬರಿ ನೆನಪಿಸಿಕೋ. ಮರದ ಮಿಲ್ಲಿನ ಇಬ್ಬರು ಕೂಲಿಗಳು, ಒಬ್ಬ ಬಿಳಿಯ, ಒಬ್ಬ ಕರಿಯ. ಕರಿಯನನ್ನು ಊರಿಂದ ಅಟ್ಟಲು ಜನ ಬಂದಾಗ ಬಿಳಿಯ ಗೆಳೆಯ ಅವನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಹೊರಡುತ್ತಾನೆ. ನಾನು ಅದನ್ನು ಕನ್ನಡದಲ್ಲಿ ನಾಟಕ ಮಾಡಿದೆ. ನೀನು ಬಿಳಿಯ, ನಾನು ಕರಿಯ. "ಇವನಿಗೆ ಮಸಿ ಬೇಡ, ಹಾಗೇ ನಡೀತದೆ" ಎಂದು ನೀನು ನಗಿಸಿದ್ದೆ. ಆದರೆ ವೇದಿಕೆಯಲ್ಲಿ ನೀನು ನನ್ನ ಚೀಲ ಎತ್ತಿಕೊಂಡು, "ಇವನಿಗೆ ಬಾಗಿಲು ಹಾಕಿದ ಊರು ನನಗೂ ಬೇಡ" ಎಂದಾಗ ಇಡೀ ಹಾಲ್ ಎದ್ದು ನಿಂತಿತು. ಅವ್ವ ಹಿಂದಿನ ಸಾಲಿನಲ್ಲಿದ್ದಳು. ಮನೆಗೆ ಬರುವಾಗ ಕೇಳಿದಳು, "ಆ ಹುಡುಗ ಖರೇನೂ ಹಂಗ ಅದಾನೇನು?"

ನಾನು ಹೌದು ಎಂದಿದ್ದೆ. ನನ್ನಿಂದ ಅವ್ವನಿಗೆ ಸುಳ್ಳು ಹೇಳಿಸಿದವನು ನೀನು.

ಸಂಗಮೇಶ

---

ಮಣಿಪಾಲ
28-11-2002

ಸಂಗಮೇಶ,

ನಿನ್ನ ಕಾಗದ ಅಂಗಡಿಗೆ ಬಂತು. ಜೆರಾಕ್ಸಿಗೆ ನಿಂತ ಹುಡುಗರ ಎದುರು ಓದಿದೆ, ಮತ್ತೆ ಒಳಗೆ ಹೋಗಿ ಓದಿದೆ. ಉತ್ತರ ಬರೆಯಬಾರದು ಅಂತಲೇ ಇದ್ದೆ.

ನೀನು ಯೂನಿಯನ್ ಭಾಷಣವನ್ನು ನನ್ನ ಮೇಲೆ ಮಾಡಬೇಡ. ಬಜಗೋಳಿಯಲ್ಲಿ ಕಾರ್ಮಿಕರ ಸಂಘದ ಸೆಕ್ರೆಟರಿ ಆದ ಮೇಲೆ ನಿನಗೆ ಎದುರಿಗಿರುವವರೆಲ್ಲ ಮಾಲಕರ ಹಾಗೆ ಕಾಣುತ್ತಾರೆ. ನಾನು ಮಾಲಕನಾ? ಒಂದು ಹಳೆಯ ಮೆಷಿನ್, ಎರಡು ಬಲ್ಬ್. ಮನೆ ನಡೆಯುವುದು ಹೂವಿನಿಂದ. ಹೂ ಹೋಗುವುದು ಭುಜಂಗನ ಕೈಯಿಂದ. ಅವನು ಏಜೆಂಟ್ ಮಾತ್ರ ಅಲ್ಲ, ಪಂಚಾಯತಿನ ಮೆಂಬರ್ ಕೂಡ. ಆ ದಿನ ನೀನು ಬರುವ ಮೊದಲು ಅವನು ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ ಎಂತ ಹೇಳಿದ ಅಂತ ನಿನಗೆ ಗೊತ್ತುಂಟಾ? "ಜೋವಿನ್, ಸಮಾಧಿಯ ಬುಡದಲ್ಲಿ ಆದ ಹೂವನ್ನು ಯಾವ ದೇವರಿಗೂ ಏರಿಸುವುದಿಲ್ಲ. ನಾನು ಕೊಂಡುಹೋಗುವುದಿಲ್ಲ. ಬೇರೆ ಯಾರೂ ಕೊಂಡುಹೋಗದ ಹಾಗೆ ಹೇಳ್ತೇನೆ." ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವವನಿಗೆ ಇದಕ್ಕಿಂತ ದೊಡ್ಡ ಮಾತು ಇಲ್ಲ. ಮಮ್ಮಿಗೆ ಗೊತ್ತಿರುವುದು ಆ ಒಂದೇ ಕೆಲಸ.

ನಿನ್ನ ಕಾದಂಬರಿಯಲ್ಲಿ ಹೂವಿನ ವ್ಯಾಪಾರ ಇರಲಿಲ್ಲ.

ಇನ್ನೊಂದು, ನಿಮ್ಮಲ್ಲಿ ಸುಡುವುದೂ ಉಂಟಲ್ವಾ ಅಂತ ನಾನು ತಿಳಿದಿದ್ದೆ. ಎಲ್ಲ ಹಿಂದೂಗಳೂ ಸುಡುತ್ತಾರೆ. ಅಷ್ಟು ದೊಡ್ಡ ವಿಷಯ ಅಂತ ನನಗೆ ಅನಿಸಲಿಲ್ಲ.

ಮತ್ತೆ ಕೇಳುತ್ತೇನೆ, ನೀನು ಎಲ್ಲಿದ್ದೆ? ಮಳೆಗಾಲದಲ್ಲಿ ನಿನ್ನ ಅವ್ವ ಜ್ವರ ಬಂದು ಮಲಗಿದಾಗ ಮಣಿಪಾಲಕ್ಕೆ ಕರೆದುಕೊಂಡು ಬಂದದ್ದು ನನ್ನ ಮಮ್ಮಿ. ಗಂಜಿ ಕೊಟ್ಟದ್ದು ನನ್ನ ಮಮ್ಮಿ. ನೀನು ಯಾರದೋ ಧರಣಿಯಲ್ಲಿ ಕೂತಿದ್ದೆ. ಸತ್ತ ಮೇಲೆ ಬಂದು ಜಾಗ ಕೇಳುವುದು ಸುಲಭ.

ನಿನ್ನ
ಜೋವಿನ್

---

ಬಜಗೋಳಿ
20-12-2002

ಜೋವಿನ್,

"ನಿನ್ನ ಜೋವಿನ್" ಎಂದು ಬರೆದಿದ್ದೀ. ಬೇಡ. ಬರೀ ಜೋವಿನ್ ಸಾಕು.

ನಾನು ಮಳೆಗಾಲದಲ್ಲಿ ಬರಲಿಲ್ಲ, ಹೌದು. ಅದಕ್ಕೆ ಅವ್ವನಿಗೆ ಉತ್ತರ ಕೊಡುತ್ತೇನೆ, ನಿನಗಲ್ಲ. ನಿನ್ನ ಮಮ್ಮಿ, ನಮ್ಮ ಬಾಯಮ್ಮ, ಗಂಜಿ ಕೊಟ್ಟದ್ದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಅಮ್ಮ ಕೊಟ್ಟ ಗಂಜಿಯನ್ನು ಮಗ ಲೆಕ್ಕಕ್ಕೆ ಹಿಡಿಯುತ್ತಾನೆ!

"ಸುಡುವುದೂ ಉಂಟಲ್ವಾ ಅಂತ ತಿಳಿದಿದ್ದೆ" ಎನ್ನುತ್ತೀ. ನಿನ್ನ ಪಪ್ಪನ ಮಣ್ಣಿನ ದಿನ ನನ್ನ ಅವ್ವ ನಿನ್ನ ಎದುರು ಕೂತು, ಬೆಂಕಿ ಎಂದರೆ ತನಗೆ ಎಷ್ಟು ಭಯ ಎಂದು ಹೇಳಿದ್ದಳಲ್ಲ? ಅದಕ್ಕೇ ಅಲ್ಲವಾ ನೀನು ಮಾತು ಕೊಟ್ಟದ್ದು? ಹೆದರಿದೆ ಎಂದು ಬರೆ, ಓದುತ್ತೇನೆ. ಗೊತ್ತಿರಲಿಲ್ಲ ಎಂದು ಬರೆಯಬೇಡ, ಹರಿದು ಹಾಕುತ್ತೇನೆ.

ಹೂವಿನ ಮಾತು ಎತ್ತಿದ್ದೀಯಲ್ಲ, ಕೇಳು. ಅವ್ವ ನಿಮ್ಮ ಜಗಲಿಯಲ್ಲಿ ಕೂತು ಎಷ್ಟು ಸಾವಿರ ಚೆಂಡು ಮಲ್ಲಿಗೆ ಕಟ್ಟಿದಳೋ ದೇವರಿಗೇ ಗೊತ್ತು, ಯಾಕೆಂದರೆ ಎಲ್ಲ ಅವನ ಕೊರಳಿಗೇ ಹೋದದ್ದು. ಅವಳ ಬೆರಳು ಮುಟ್ಟಿದ ಹೂ ದೇವರಿಗೆ ಆಗುತ್ತಿತ್ತು. ಅವಳು ಮಲಗಿದ ಮಣ್ಣಿನ ಪಕ್ಕದ ಹೂ ಆಗುವುದಿಲ್ಲ. ಇದು ಯಾವ ದೇವರ ಕಾನೂನು? ಭುಜಂಗನದಾ? ಅವನನ್ನು ದೇವರು ಮಾಡಿದವರು ಯಾರು? ನೀವು ಬೆಳೆಯುವವರೆಲ್ಲ ಸೇರಿ ಒಂದು ದಿನ "ಕೊಡುವುದಿಲ್ಲ" ಎಂದಿದ್ದರೆ ಅವನು ಖಾಲಿ ಬುಟ್ಟಿ ಹಿಡಿದು ನಿಲ್ಲುತ್ತಿದ್ದ.

ಈಗ ವಿಷಯಕ್ಕೆ ಬರುತ್ತೇನೆ.

ಅಪ್ಪ ನನ್ನ ಜೊತೆ ಇದ್ದಾನೆ. ಇಪ್ಪತ್ತು ವರ್ಷ ಕೆಂಪುಕಲ್ಲಿನ ಕೋರೆಯ ಧೂಳು ಕುಡಿದ ಎದೆ, ಈ ಚಳಿಗೆ ಕೂತಲ್ಲಿಂದ ಏಳುವುದಿಲ್ಲ. ಇನ್ನು ಬಹಳ ದಿನ ಇಲ್ಲ ಎಂದು ಡಾಕ್ಟರ್ ಹೇಳಿದ್ದಾರೆ, ಅಪ್ಪನ ಎದುರೇ ಹೇಳಿದ್ದಾರೆ. ನನ್ನ ಹೆಂಡತಿ ಅನ್ನಪೂರ್ಣ ರೊಟ್ಟಿ ಮಾಡಿ ಇಟ್ಟರೆ ಮುರಿದು ಪಕ್ಕಕ್ಕೆ ಇಡುತ್ತಾನೆ. ದಿನಕ್ಕೆ ಒಂದೇ ಮಾತು. "ನನ್ನ ಸುಡಬ್ಯಾಡಪಾ." ಊರಿಗೆ ಒಯ್ಯುತ್ತೇನೆ ಎಂದೆ. ಬೇಡ ಎಂದ. ಇಲ್ಲೇ ಬಜಗೋಳಿಯಲ್ಲಿ ಯಾರನ್ನಾದರೂ ಕೇಳುತ್ತೇನೆ ಎಂದೆ. ಅದೂ ಬೇಡ. "ಶಂಕರಪುರದಾಗ, ಬಾಯಮ್ಮನ ತ್ವಾಟದ ಮ್ಯಾಲೆ. ಅಲ್ಲೇ." ಯಾಕೆ ಅಲ್ಲೇ ಎಂದು ಕೇಳಿದರೆ ಗೋಡೆ ನೋಡುತ್ತಾನೆ. ಒಂದು ದಿನ ಮಾತ್ರ ಹೇಳಿದ, "ಆ ತ್ವಾಟದಾಗಿನ ಪ್ರತಿ ಗುಂಡಿ ನಾ ತೋಡೀನಿ. ಅಲ್ಲಿ ನನಗೊಂದು ಗುಂಡಿ ಇಲ್ಲೇನು?"

ನಮ್ಮ ಸಂಘ ನಿಮ್ಮ ಪಂಚಾಯತಿಗೆ ಅರ್ಜಿ ಕೊಟ್ಟಿದೆ. ನನ್ನ ಅಪ್ಪನೊಬ್ಬನಿಗಲ್ಲ. ಮಣಿಪಾಲದ ಹಾಸ್ಟೆಲು ಕಟ್ಟಲು ಬಂದು, ಕಾಪುವಿನ ರಸ್ತೆಗೆ ಜಲ್ಲಿ ಹಾಸಲು ಬಂದು ಇಲ್ಲೇ ಉಳಿದ ಎಷ್ಟು ಮನೆ ನಮ್ಮವರದು! ಬದುಕಿರುವಾಗ ಶೆಡ್ಡು, ಸತ್ತರೆ ಟೆಂಪೊ. ಮಣ್ಣು ಮಾಡುವವರಿಗೆ ಒಂದು ಜಾಗ ಬೇಕು ಎಂದು ಕೇಳಿದ್ದೇವೆ. ಸರ್ವೆಯವರು ನೋಡಿದರು. ಸರಿಯಾದದ್ದು ಒಂದೇ, ನಿಮ್ಮ ತೋಟದ ಬೆನ್ನಿಗಿರುವ ಆ ಗುಡ್ಡ. ಅದು ಕುಮ್ಕಿ. ಜಾಗ ಸರ್ಕಾರದ್ದು, ಸೊಪ್ಪು ಸೌದೆಯ ಹಕ್ಕು ನಿಮ್ಮದು. ನೀವು ತಕರಾರು ಇಲ್ಲ ಎಂದು ಗ್ರಾಮಸಭೆಯಲ್ಲಿ ಹೇಳಿದರೆ ಕೆಲಸ ಮುಂದೆ ಹೋಗುತ್ತದೆ. ತಕರಾರು ಎಂದರೆ ಫೈಲು ಮಲಗುತ್ತದೆ, ಅಪ್ಪನಿಗಿಂತ ಹೆಚ್ಚು ದಿನ ಬದುಕುತ್ತದೆ.

ಹೂವಿನ ವಿಷಯ ಸಂಘ ನೋಡಿಕೊಳ್ಳುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಭುಜಂಗ ಕಾಟ ಕೊಡುತ್ತಾನೆ. ಅದು ಗೊತ್ತಿದ್ದೂ ಕೇಳುತ್ತಿದ್ದೇನೆ. ಗೆಳೆತನದಿಂದ ಕೇಳುತ್ತಿಲ್ಲ. ನೀನು ಕೊಟ್ಟ ಮಾತನ್ನು ವಾಪಸು ಕೇಳುತ್ತಿದ್ದೇನೆ.

ಸಂಗಮೇಶ

---

(ಪೋಸ್ಟ್ ಕಾರ್ಡ್)

ಬಜಗೋಳಿ
27-1-2003

ಜೋವಿನ್,

ಮನೆಯ ವಿಳಾಸಕ್ಕೆ, ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಪೋಸ್ಟ್‌ಮ್ಯಾನ್ ಓದಲಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಓದಿ ಹೇಳಲಿ.

ನನ್ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಆದರೆ ಭುಜಂಗನ ತಕರಾರು ಅರ್ಜಿಗೆ ಸಹಿ ಹಾಕಿದ್ದೀ. ಪಂಚಾಯತಿನಲ್ಲಿ ತೋರಿಸಿದರು. ಮೊದಲ ಹೆಸರೇ ನಿನ್ನದು. "ಹೊರಗಿನಿಂದ ಬಂದ ಕೂಲಿಯವರ ಹೆಣಗಳಿಂದ ಊರಿನ ಶುಚಿತ್ವಕ್ಕೆ ಧಕ್ಕೆ."

ಇಷ್ಟು ಚೆಂದದ ಕನ್ನಡ ನಿನಗೆ ಬರುತ್ತದೆ ಎಂದು ಗೊತ್ತಿದ್ದರೆ ಅವತ್ತು ನಾಟಕವನ್ನು ನಿನ್ನ ಕೈಯಲ್ಲೇ ಬರೆಸುತ್ತಿದ್ದೆ.

ಸಂಗಮೇಶ, ರೇಣುಕವ್ವನ ಮಗ, ಹೊರಗಿನವನು

---

ಶಂಕರಪುರ
6-2-2003

ಸಂಗಮೇಶ ಪುತಾ,

ನಾನು ಬೆನೆಡಿಕ್ಟಾ ಬಾಯಿ ಬರೆಯುವುದು. ಬರೆದು ಅಭ್ಯಾಸ ಇಲ್ಲ, ಅಕ್ಷರ ನೋಡಿ ನಗಬೇಡ. ಸಿಸ್ಟರುಗಳ ಶಾಲೆಯಲ್ಲಿ ಏಳನೆಯವರೆಗೆ ಕಲಿತದ್ದು ಇವತ್ತು ಕೆಲಸಕ್ಕೆ ಬಂತು.

ನಿನ್ನ ಕಾರ್ಡನ್ನು ಪೋಸ್ಟಿನ ಬ್ಯಾಪ್ಟಿಸ್ಟ್ ನನ್ನ ಕೈಗೇ ಕೊಟ್ಟ. "ಬಾಯಮ್ಮ, ನಾನು ಓದಲಿಲ್ಲ" ಎಂದ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಬಾಯಿಪಾಠ ಮಾಡಿಕೊಂಡೇ ಬಂದಿದ್ದಾನೆ.

ಜೋವಿನ್ ಸಹಿ ಹಾಕಿದ್ದು ನನಗೆ ಗೊತ್ತಿರಲಿಲ್ಲ. ನಾನು ಅವನನ್ನು ಸಮರ್ಥಿಸಿ ಬರೆಯುವುದಲ್ಲ. ನಿನಗೆ ಒಂದು ವಿಷಯ ಹೇಳಲಿಕ್ಕೆ ಉಂಟು.

ಆ ದಿನ ಸುಟ್ಟು ಬಂದಿರಿ. ನೀನು ಸಿಟ್ಟಿನಲ್ಲಿ ಬಸ್ಸು ಹತ್ತಿದೆ, ಯಾರ ಹತ್ತಿರವೂ ಮಾತಾಡಲಿಲ್ಲ. ಸುಟ್ಟ ಮೇಲೆ ಕೆಲಸ ಮುಗಿಯುವುದಿಲ್ಲ, ಎಲುಬು ಆರಿಸಿ ತರಬೇಕು ಅಂತ ನಿಮಗೆ ಗೊತ್ತಿರಲಿಲ್ಲ. ನಿಮ್ಮಲ್ಲಿ ಸುಟ್ಟವರಿದ್ದರೆ ತಾನೇ? ಮೂರನೇ ದಿನ ಸ್ಮಶಾನದ ವಾಚ್‌ಮ್ಯಾನ್ ನಮ್ಮ ಮನೆಗೆ ಹೇಳಿಕಳಿಸಿದ. ಯಾರೂ ಬರಲಿಲ್ಲ, ಜಾಗ ಖಾಲಿ ಮಾಡಬೇಕು ಅಂತ. ನಾನು ಶೆಡ್ಡಿಗೆ ಹೋಗಿ ಕಲ್ಲಯ್ಯನಿಗೆ ಹೇಳಿದೆ. ಅವನು ನನ್ನ ಮುಖ ನೋಡಿದ. "ನನಗ ತಿಳಿಯಂಗಿಲ್ಲ ಬಾಯಮ್ಮ, ನೀವೇ ಏನಾರ ಮಾಡ್ರಿ."

ನನಗೂ ಎಂತ ಗೊತ್ತು ಪುತಾ? ನಮ್ಮಲ್ಲಿಯೂ ಸುಟ್ಟದ್ದು ನೋಡಿಲ್ಲ. ಹೊಳೆಗೆ ಬಿಡಬೇಕು, ಸಮುದ್ರಕ್ಕೆ ಬಿಡಬೇಕು ಅಂತ ಯಾರೋ ಹೇಳಿದರು. ನಾನು ರಿಕ್ಷಾದಲ್ಲಿ ಹೋದೆ. ವಾಚ್‌ಮ್ಯಾನ್ ಒಂದು ಮಣ್ಣಿನ ಕುಡಿಕೆಗೆ ತುಂಬಿಸಿ, ಬಟ್ಟೆ ಕಟ್ಟಿ ಕೊಟ್ಟ. ಮಡಿಲಲ್ಲಿ ಇಟ್ಟುಕೊಂಡು ಬಂದೆ. ನಿನ್ನ ಅವ್ವನನ್ನು ಹೊಳೆಗೆ ಬಿಡಲಿಕ್ಕೆ ನನ್ನಿಂದ ಆಗಲಿಲ್ಲ. ಅವಳಿಗೆ ಈಜು ಬರುತ್ತಿರಲಿಲ್ಲವಲ್ಲ.

ನನಗೆ ಗೊತ್ತಿರುವುದನ್ನೇ ಮಾಡಿದೆ. ಬಾವಿಯ ಬದಿಯ ಮೊದಲ ಸಾಲಿನಲ್ಲಿ, ಅವಳು ದಿನಾ ಕೂತು ಹೂ ಕಟ್ಟುವಾಗ ಎದುರು ಕಾಣುತ್ತಿತ್ತಲ್ಲ ಆ ದೊಡ್ಡ ಗಿಡ, ಅದರ ಬುಡದಲ್ಲಿ ಕಲ್ಲಯ್ಯ ಗುಂಡಿ ತೋಡಿದ. ಅಲ್ಲಿ ಇಟ್ಟೆವು. ಸುಟ್ಟ ದಿನ ಹಿಡಿದುಕೊಂಡಿದ್ದ ಆ ಒಂದು ಹಿಡಿ ಮಣ್ಣು ಅವನ ಹತ್ತಿರ ಇನ್ನೂ ಇತ್ತು, ಅಂಗಿಯ ಜೇಬಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದ. ಅದನ್ನು ಹಾಕಿದ. ನಾನೂ ಹಾಕಿದೆ. ನಮ್ಮ ಪ್ರಾರ್ಥನೆ ಹೇಳಿದೆ, ಅವನು ಅವನದ್ದು ಹೇಳಿದ. ಜೋವಿನ್ ಅಂಗಡಿಯಲ್ಲಿದ್ದ.

ಕಲ್ಲಯ್ಯನಿಗೆ ಬಾಯಿಬಿಡಬೇಡ ಅಂದದ್ದು ನಾನೇ. ಜೋವಿನ್‌ಗೆ ಗೊತ್ತಾದರೆ ಹೆದರುತ್ತಾನೆ, ನಿನಗೆ ಗೊತ್ತಾದರೆ ಮೈಕ್ ಹಿಡಿಯುತ್ತೀ.

ಆವತ್ತಿನಿಂದ ಆ ಗಿಡದ ಹೂವನ್ನು ದಿನವೂ ಕೊಯ್ಯುತ್ತೇನೆ. ಭುಜಂಗ ದಿನವೂ ಕೊಂಡುಹೋಗುತ್ತಾನೆ. ದೇವಸ್ಥಾನಗಳಿಗೆ ಹೋಗಿದೆ, ಮದುವೆಗೆ ಹೋಗಿದೆ, ನಮ್ಮ ಇಗರ್ಜಿಯ ಮಾತೆಯ ಕೊರಳಿಗೂ ಹೋಗಿದೆ. ಯಾವ ದೇವರೂ ಹಿಂದೆ ಕಳಿಸಲಿಲ್ಲ.

ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ಇದನ್ನು ಹೇಳುತ್ತೇನೆ. ಆಮೇಲೆ ಹೂ ಹೋಗದಿದ್ದರೆ ಹೋಗದಿರಲಿ. ರೇಣುಕ ನನಗೆ ಕೆಲಸದವಳು ಅಲ್ಲ. ನನ್ನ ಗಂಡ ಸತ್ತಾಗ ಒಂಬತ್ತು ರಾತ್ರಿ ನನ್ನ ಕಾಲ ಬುಡದಲ್ಲಿ ಮಲಗಿದವಳು.

ಕಲ್ಲಯ್ಯನಿಗೆ ಹೇಳು, ಗಿಡ ಚೆನ್ನಾಗಿ ಉಂಟು ಅಂತ.

ದೇವರು ಒಳ್ಳೆಯದು ಮಾಡಲಿ.
ನಿನ್ನ ಬಾಯಮ್ಮ

---

ಬಜಗೋಳಿ
13-2-2003

ಬಾಯಮ್ಮಾ,

ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ಈ ಕಡೆ ತಿರುಗಿದ. "ಈಗ ತಿಳೀತೇನು, ಅಲ್ಲೇ ಯಾಕ ಅಂತ?" ಎಂದ. ಅವತ್ತು ಅನ್ನಪೂರ್ಣಳ ಹತ್ತಿರ ಕೇಳಿ ಒಂದು ರೊಟ್ಟಿ ತಿಂದ.

ನಾನು ಕಾರ್ಕಳದಲ್ಲಿ ಯಾರದೋ ಮನೆಗೆ ಟೈಲ್ಸ್ ಹಾಕುವ ಕೆಲಸಕ್ಕೆ ಹೋಗಿ, ಅಳತೆ ಹಿಡಿಯಲಾರದೆ ವಾಪಸು ಬಂದೆ. ನನ್ನ ಅವ್ವನ ಎಲುಬು ಆರಿಸುವುದು ಬಿಟ್ಟು ನಾನು ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಭಾಷಣ ಹೊಸೆಯುತ್ತಿದ್ದೆ. ನಿಮ್ಮ ಮಡಿಲಿಗೆ ಹೇಗೆ ಕೈಮುಗಿಯಬೇಕು ಎಂದು ನನಗೆ ತಿಳಿಯುವುದಿಲ್ಲ.

ಆದರೆ ನನ್ನ ಸಿಟ್ಟು ಇಳಿದಿಲ್ಲ, ಬಾಯಮ್ಮ. ಇನ್ನೂ ಏರಿದೆ. ಕೇಳುವ ಹಕ್ಕಿರುವ ಒಂದು ತುಂಡು ಮಣ್ಣಿಗಾಗಿ ನೀವಿಬ್ಬರು ಮುದುಕರು ಹಗಲಲ್ಲೇ ಕಳ್ಳರ ಹಾಗೆ ಗುಂಡಿ ತೋಡಬೇಕಾಯಿತಲ್ಲ. ಅದು ಯಾರ ಪಾಪ?

ಒಂದು ಮಾತು ಕೇಳುತ್ತೇನೆ, ಇಲ್ಲ ಎನ್ನಬೇಡಿ. ಸಭೆಯಲ್ಲಿ ಆ ಗಿಡದ ವಿಷಯ ಎತ್ತಬೇಡಿ. ಎತ್ತಿದರೆ ಗೆಲ್ಲುತ್ತೇವೆ, ನನಗೆ ಗೊತ್ತು. ಮೂರು ತಿಂಗಳಿಂದ ಆ ಹೂವನ್ನೇ ಮುಡಿದವರು ಭುಜಂಗನ ಮುಖ ನೋಡುವುದನ್ನು ನನ್ನ ಕಣ್ಣಿಂದ ನೋಡಬೇಕು ಎಂದು ಆಸೆಯೂ ಆಗುತ್ತದೆ. ಆದರೆ ಮರುದಿನ ಅವರು ಆ ಗಿಡ ಕೀಳಲು ಬರುತ್ತಾರೆ. ಅವ್ವನನ್ನು ಇನ್ನೊಮ್ಮೆ ಎಬ್ಬಿಸುವುದು ಬೇಡ. ನಿಮ್ಮ ಒಲೆ ಆರಿಸಿ ನಮ್ಮ ಮಣ್ಣು ಬೇಡ. ಮಾತು ಕೊಟ್ಟವರು ನೀವಲ್ಲ. ಕೊಟ್ಟವನು ಬಂದು ನಿಲ್ಲಲಿ, ಇಲ್ಲದಿದ್ದರೆ ನಾವು ಸೋತೇ ಹೋಗುತ್ತೇವೆ.

ನಿಮ್ಮ ಮಗ
ಸಂಗಮೇಶ

---

ಶಂಕರಪುರ
24-2-2003

ಸಂಗಮೇಶ,

ಹೆದರಿದೆ. ನೀನು ಹೀಗೆ ಬರೆ ಎಂದಿದ್ದೆ, ಬರೆದಿದ್ದೇನೆ. ಎರಡು ಸಲವೂ ಹೆದರಿದೆ.

ಮಮ್ಮಿ ನಿನ್ನ ಕಾಗದವನ್ನು ಊಟದ ಬಟ್ಟಲಿನ ಪಕ್ಕ ಇಟ್ಟು "ಓದು" ಎಂದಳು. ಓದಿದೆ. ಅರ್ಥ ಆಗಲಿಲ್ಲ. ಯಾವ ಗಿಡ ಎಂದು ಕೇಳಿದೆ. ಅವಳು ಕೈಹಿಡಿದು ಬಾವಿಯ ಹತ್ತಿರ ಕರೆದುಕೊಂಡು ಹೋದಳು, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗೆ. ತೋರಿಸಿದಳು. ಬುಡದಲ್ಲಿ ಯಾರಿದ್ದಾರೆ ಅಂತ ಹೇಳಿ ಒಳಗೆ ಹೋದಳು. ನಾನು ದಿನಾ ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದು ಆ ಗಿಡದ ಬುಡಕ್ಕೆ.

ನೀನು ಅದನ್ನು ಸಭೆಯಲ್ಲಿ ಎತ್ತುವುದು ಬೇಡ ಅಂತ ಬರೆದದ್ದು ನನಗೆ ತಡೆಯಲಿಲ್ಲ. ಎತ್ತಿದ್ದರೆ ನಾನು ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಆರಾಮದಲ್ಲಿ ಇರುತ್ತಿದ್ದೆ.

ಮರುದಿನ ಬೆಳಿಗ್ಗೆ ಭುಜಂಗ ಹೂವಿಗೆ ಬಂದ. ನಾನು ಅಂಗಳದಲ್ಲೇ ನಿಂತಿದ್ದೆ.

"ಭುಜಂಗಣ್ಣ, ಆ ಅರ್ಜಿಯಿಂದ ನನ್ನ ಹೆಸರು ತೆಗೆಯಿರಿ."

"ಎಂತ ತಮಾಷೆ? ನೀನೇ ಹಾಕಿದ್ದಲ್ವಾ ಮಾರಾಯ?"

"ಹಾಕಿದ್ದು ನಾನೇ. ತೆಗೆಯುವುದೂ ನಾನೇ. ಗುಡ್ಡ ಕೊಡ್ಲಿಕ್ಕೆ ನಮ್ಮ ತಕರಾರಿಲ್ಲ."

"ಘಟ್ಟದ ಮೇಲಿನವರು ಎಂತ ಕೊಟ್ಟರು ನಿನಗೆ?"

"ಇಪ್ಪತ್ತು ವರ್ಷ ಹೂ ಕಟ್ಟಿ ಕೊಟ್ಟರು. ನೀವೂ ಅದರಲ್ಲೇ ಮನೆ ಕಟ್ಟಿದ್ದಲ್ವಾ?"

ಅವನು ಆ ದಿನದ ಹೂವನ್ನು ಲೆಕ್ಕ ಮಾಡದೆ ಜಗಲಿಯ ಮೇಲೆ ಬಿಟ್ಟು ಸ್ಕೂಟರ್ ಹತ್ತಿದ. "ನಾಳೆಯಿಂದ ಇಗರ್ಜಿಗೇ ಕಟ್ಟಿ ಹಾಕು" ಎಂದ. ಅವತ್ತೇ ಪಂಚಾಯತಿಗೆ ಹೋಗಿ ಬರೆದುಕೊಟ್ಟೆ. ಗುಮಾಸ್ತ ಮೂರು ಸಲ ಓದಿಸಿದ, ಮೂರು ಸಲವೂ ಹೌದು ಎಂದೆ.

ಗಿಡದ ವಿಷಯ ಯಾರಿಗೂ ಹೇಳಲಿಲ್ಲ. ಹೇಳುವುದೂ ಇಲ್ಲ.

ಈಗ ಮಮ್ಮಿ ಬುಟ್ಟಿ ಹಿಡಿದು ಬಸ್ಸಿನಲ್ಲಿ ಕಾಪುವಿಗೆ ಹೋಗುತ್ತಾಳೆ. ಅರ್ಧ ಮಾರಾಟ ಆಗುತ್ತದೆ, ಅರ್ಧ ಬಾಡಿ ಬರುತ್ತದೆ. ನಿನ್ನೆ ಬಾಡಿದ್ದನ್ನೆಲ್ಲ ಬಾವಿಯ ಬದಿಯ ಆ ಗಿಡದ ಬುಡಕ್ಕೆ ಸುರಿದು, "ಕಟ್ಟು ನೋಡುವ, ರೇಣುಕಾ" ಎಂದು ನಕ್ಕಳು. ನನಗೆ ನಗಲಿಕ್ಕೆ ಆಗಲಿಲ್ಲ.

ನಾಟಕದಲ್ಲಿ ನಿನ್ನ ಚೀಲ ಎತ್ತುವುದು ಸುಲಭ ಇತ್ತು. ಅದರಲ್ಲಿ ಹಳೆಯ ಪೇಪರ್ ತುಂಬಿದ್ದೆವು. ಮತ್ತೆ, ಎದುರು ಕೂತವರು ಯಾರೂ ನಮ್ಮ ಹೂ ಕೊಳ್ಳುವವರಾಗಿರಲಿಲ್ಲ.

ಕ್ಷಮೆ ಕೇಳುವುದಿಲ್ಲ. ನೀನು ಕೊಡುವುದಿಲ್ಲ ಅಂತ ಗೊತ್ತುಂಟು. ಸಭೆಯಲ್ಲಿ ಭುಜಂಗ ನನ್ನ ಪೇಪರನ್ನು ಫೈಲಿನ ಅಡಿಗೆ ಹಾಕುತ್ತಾನೆ, ಎದ್ದು ನಿಂತು ಬಾಯಲ್ಲಿ ಹೇಳಬೇಕು ಅಂತ ಗುಮಾಸ್ತನೇ ಹೇಳಿದ. ಯಾವತ್ತು ಅಂತ ನೀನು ಬರೆ. ಅವರು ನನಗೆ ನೋಟಿಸು ಕೊಡುವುದಿಲ್ಲ.

ಜೋವಿನ್

---

ಬಜಗೋಳಿ
2-3-2003

ಜೋವಿನ್,

ಸರಿಯಾಗಿ ತಿಳಿದಿದ್ದೀ, ಕ್ಷಮಿಸಿಲ್ಲ. ನೀನು ಒಂದು ಅರ್ಜಿಯಿಂದ ಹೆಸರು ತೆಗೆದೆ. ಅವ್ವನ ಹೆಣದ ಎದುರು ಆಡಿದ ಮಾತನ್ನು ತೆಗೆಯಲು ಯಾವ ಪಂಚಾಯತಿನಲ್ಲೂ ಅರ್ಜಿ ಇಲ್ಲ. "ಕೆಲಸದವರು, ಅಷ್ಟೆ." ಅದು ನನ್ನ ಕಿವಿಯಲ್ಲಿ ಇರುತ್ತದೆ. ನಾವಿಬ್ಬರೂ ಮುದುಕರಾದ ಮೇಲೂ ಇರುತ್ತದೆ. ಇದ್ದುಕೊಂಡೇ ಮುಂದಿನ ಕೆಲಸ ಮಾಡೋಣ.

ಬಾಯಮ್ಮ ಬಸ್ಸಿನಲ್ಲಿ ಹೂ ಹೊರುವುದು ಇನ್ನು ಬೇಡ. ಮಣಿಪಾಲದ ಶೆಡ್ಡುಗಳ ನಮ್ಮ ಹೆಂಗಸರಿಗೆ ಹೇಳಿದ್ದೇನೆ. ಇಬ್ಬರು ದಿನ ಬೆಳಿಗ್ಗೆ ಬರುತ್ತಾರೆ, ಕಟ್ಟುತ್ತಾರೆ, ಹಾಸ್ಟೆಲುಗಳ ಬಾಗಿಲಲ್ಲಿ ಕೂತು ಮಾರುತ್ತಾರೆ. ಭುಜಂಗನಷ್ಟು ಆಗುವುದಿಲ್ಲ. ಎಲ್ಲ ಬಾಡುವುದೂ ಇಲ್ಲ. ಇದು ಬಾಯಮ್ಮನಿಗೆ, ನಿನಗಲ್ಲ.

ಮತ್ತೆ, ಬಾಯಿ ಮುಕ್ಕಳಿಸಲು ಬೇರೆ ಜಾಗ ನೋಡಿಕೋ.

ಅಪ್ಪ ಸಭೆಗೆ ಬರುತ್ತಾನೆ. ಬೇಡ ಎಂದೆ, ದಾರಿಯಲ್ಲೇ ಏನಾದರೂ ಆದೀತು ಎಂದೆ. "ಸತ್ತ ಮ್ಯಾಲೆ ಕೇಳಿದ್ರ ಕೊಡಂಗಿಲ್ಲ ಇವ್ರು. ಜೀವಂತ ಹೋಗಿ ಕೇಳತೀನಿ" ಎಂದ. ಕೇಳಿದ ಮೇಲೆ ಗುಡ್ಡಕ್ಕೆ ಹೋಗಿ ಜಾಗ ನೋಡಬೇಕಂತೆ, ಅಲ್ಲಿಂದ ಬಾವಿಯ ಬದಿಯ ಆ ಗಿಡ ಕಾಣುತ್ತದೋ ಇಲ್ಲವೋ ಎಂದು. ಧೋತರ ಒಗೆಸಿ ಇಟ್ಟುಕೊಂಡಿದ್ದಾನೆ.

ಸಭೆ ಪಂಚಾಯತಿನ ಮೇಲಿನ ಹಾಲಿನಲ್ಲಿ. ಮೆಟ್ಟಿಲು ಕಡಿದು. ಅಪ್ಪನಿಗೆ ಹತ್ತಲು ಆಗುವುದಿಲ್ಲ, ಕುರ್ಚಿಯಲ್ಲಿ ಕೂರಿಸಿ ಎತ್ತಬೇಕು. ಸಂಘದ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವನು ಅವರನ್ನು ಬೇಡ ಎಂದಿದ್ದಾನೆ. ಎಡಗಡೆ ನಾನು. ಬಲಗಡೆ ಯಾರು ಎಂದು ಕೇಳಿದೆ. "ಚೀಲ ಎತ್ತಿದ್ದನಲ್ಲ, ಆ ಹುಡುಗ" ಎಂದ.

ಈ ಸಲ ಒಳಗೆ ಹಳೆಯ ಪೇಪರ್ ಇಲ್ಲ. ಭಾರ ಇದೆ. ಭುಜಂಗ ಮೇಲೆ ನಿಂತು ನೋಡುತ್ತಿರುತ್ತಾನೆ.

ಮಾರ್ಚ್ ಹತ್ತು, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ. ಮೆಟ್ಟಿಲ ಬುಡದಲ್ಲಿ.

ಸಂಗಮೇಶ